ದೇಹದ ಗುರುತು, ದಾಖಲೆಯ ಗುರುತು: ಕ್ರಿಸ್ಟೀನ್ ಜಾರ್ಗನ್‌ಸನ್ ಬದುಕಿನ ಒಂದು ಓದು

ಎದೆಯನ್ನೂ ಮೀಸೆಯನ್ನೂ ನೋಡಿ ಹೆಣ್ಣು ಗಂಡುಗಳ ಹೆಸರಿಡುವ ಲೋಕದ ವಾಡಿಕೆಯನ್ನು ಪ್ರಶ್ನಿಸಿದ ಜೇಡರ ದಾಸಿಮಯ್ಯನ ವಚನವು ಕನ್ನಡ ವಿಮರ್ಶೆಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಒಳಗಾಗಿದೆ. ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ತನ್ನ ಹೆಸರಿನಲ್ಲಿಯೇ ಆ ವಚನವನ್ನು ನೆನಪಿಗೆ ತರುತ್ತದೆ. ಆದರೆ ನಮ್ಮ ಚರ್ಚೆಗಳಲ್ಲಿ ದೇಹದ ಗುರುತುಗಳು ಬಹುಮಟ್ಟಿಗೆ ಮೀರಬೇಕಾದ ಸಂಗತಿಗಳಾಗಿಯೇ ಕಾಣಿಸಿಕೊಂಡಿವೆ. ಆ ಗುರುತು ತನಗೆ ಮೂಡಲಿಲ್ಲವೆಂದು ಕೊರಗುವ, ಅದನ್ನು ಔಷಧಿಯಿಂದ ಪಡೆಯಬೇಕೇ, ಶಸ್ತ್ರಚಿಕಿತ್ಸೆಯಿಂದ ಪಡೆಯಬೇಕೇ, ಪಡೆದರೆ ಲೋಕ ಒಪ್ಪೀತೇ ಎಂದು ವರ್ಷಗಟ್ಟಲೆ ಯೋಚಿಸುವ ಹೆಣ್ಣಿನ ಪ್ರಶ್ನೆ ಇದಕ್ಕಿಂತ ಭಿನ್ನವಾದುದು. ಈ ಪ್ರಶ್ನೆಯನ್ನು ಇಡೀ ಜಗತ್ತಿನ ಕಣ್ಣೆದುರಿಗೆ ಬದುಕಬೇಕಾಗಿ ಬಂದವಳು ಕ್ರಿಸ್ಟೀನ್ ಜಾರ್ಗನ್‌ಸನ್ (1926–1989). ಪತ್ರಿಕೆಗಳು ಒಂದು ರಾತ್ರಿಯ ಪವಾಡವೆಂಬಂತೆ ಬಣ್ಣಿಸಿದ ಆಕೆಯ ಬದಲಾವಣೆಯು ವಾಸ್ತವದಲ್ಲಿ ನಿಧಾನವಾದ, ಹಂತಹಂತಕ್ಕೂ ಇನ್ನೊಬ್ಬರ ಅನುಮತಿಗೆ ಕಾಯಬೇಕಾದ ನಿರ್ಧಾರಗಳ ಸರಣಿಯಾಗಿತ್ತು ಎಂಬುದನ್ನು ಇಲ್ಲಿ ಗುರುತಿಸಲು ಪ್ರಯತ್ನಿಸಲಾಗಿದೆ.

ಇಂತಹ ಬದುಕನ್ನು ಕನ್ನಡದಲ್ಲಿ ಬರೆಯುವವರಿಗೆ ಮೊದಲ ವಾಕ್ಯದಲ್ಲಿಯೇ ತೊಡಕು ಎದುರಾಗುತ್ತದೆ. ಇಂಗ್ಲಿಷಿನ ಕ್ರಿಯಾಪದ ಲಿಂಗವನ್ನು ಹೇಳುವುದಿಲ್ಲ. ಕನ್ನಡದಲ್ಲಿ ಬಂದನು, ಬಂದಳು ಎಂಬಲ್ಲಿ ಕ್ರಿಯಾಪದವೇ ತೀರ್ಪು ಕೊಟ್ಟುಬಿಡುತ್ತದೆ. ಮಗು ಹುಟ್ಟಿತು ಎಂದು ನಪುಂಸಕಲಿಂಗದ ಆಶ್ರಯ ಪಡೆಯಬಹುದಾದರೂ ಆ ಆಶ್ರಯ ಬಹಳ ಕಾಲ ಉಳಿಯುವುದಿಲ್ಲ. ಅವರು ಎಂಬ ಗೌರವವಾಚಕ ಬಹುವಚನವೊಂದೇ ತಟಸ್ಥವಾದುದು. ಆದರೆ ಈ ಸಂದರ್ಭದಲ್ಲಿ ತಾಟಸ್ಥ್ಯವೂ ಒಂದು ಬಗೆಯ ನುಣುಚಿಕೊಳ್ಳುವಿಕೆಯೇ. ತಾನು ಯಾರೆಂಬುದನ್ನು ಕ್ರಿಸ್ಟೀನ್ ಸ್ಪಷ್ಟವಾಗಿ ಹೇಳಿದ್ದಾಳಾದ್ದರಿಂದ ಈ ಲೇಖನ ಆರಂಭದಿಂದಲೂ ಸ್ತ್ರೀಲಿಂಗವನ್ನೇ ಬಳಸುತ್ತದೆ.

ಮಗು ಹುಟ್ಟಿದ್ದು 1926ರ ಮೇ 30ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ. ಡೇನಿಷ್ ಮೂಲದ ಕುಟುಂಬ. ತಂದೆಯದು ಬಡಗಿ ವೃತ್ತಿ. ತಂದೆಯ ಜಾರ್ಜ್ ಎಂಬ ಹೆಸರನ್ನೇ ಮಗುವಿಗೂ ಇಟ್ಟರು. ಸಂಕೋಚದ, ಹುಡುಗರ ಒರಟು ಆಟಗಳಿಂದ ದೂರ ಉಳಿಯುತ್ತಿದ್ದ ಬಾಲ್ಯ ಅದು. 1945ರಲ್ಲಿ ಪ್ರೌಢಶಿಕ್ಷಣ ಮುಗಿಯುತ್ತಿದ್ದಂತೆ ಕಡ್ಡಾಯ ಸೈನಿಕ ಸೇವೆಗೆ ಕರೆ ಬಂದಿತು. ಯುದ್ಧ ಆಗಲೇ ಮುಗಿದಿತ್ತು. ಫೋರ್ಟ್ ಡಿಕ್ಸ್ ಶಿಬಿರದಲ್ಲಿ ಗುಮಾಸ್ತೆಯ ಕೆಲಸ, 1946ರಲ್ಲಿ ಬಿಡುಗಡೆ. ಮುಂದೆ ಪತ್ರಿಕೆಗಳಿಗೆ ಬಲು ಪ್ರಿಯವಾದ ಸೈನಿಕನೆಂಬ ವಿಶೇಷಣದ ಹಿಂದೆ ಇದ್ದದ್ದು ಇಷ್ಟೇ.

ಸೈನ್ಯದಿಂದ ಬಂದ ಮೇಲೆ ಛಾಯಾಗ್ರಹಣವನ್ನು ಕಲಿತಳು. ಅನಂತರ ವೈದ್ಯಕೀಯ ಸಹಾಯಕರ ಶಾಲೆಯೊಂದನ್ನು ಸೇರಿದಳು. ಈ ನಡುವೆ ಪಾಲ್ ಡಿ ಕ್ರೂಯಿಫ್ 1945ರಲ್ಲಿ ಪ್ರಕಟಿಸಿದ, ಪುರುಷ ಹಾರ್ಮೋನನ್ನು ಕುರಿತ ಪುಸ್ತಕ ಆಕೆಯ ಕೈಗೆ ಬಂದಿತು. ಗಂಡು ಹೆಣ್ಣುಗಳ ನಡುವಣ ಅಂತರ ರಸಾಯನಶಾಸ್ತ್ರದ ದೃಷ್ಟಿಯಿಂದ ಅಷ್ಟೇನೂ ದೊಡ್ಡದಲ್ಲವೆಂಬ ತಿಳಿವು ಆಕೆಗೆ ದೊರೆತದ್ದು ಅಲ್ಲಿ. ಈಥಿನೈಲ್ ಎಸ್ಟ್ರಡಯಾಲ್ ಎಂಬ ಸ್ತ್ರೀಹಾರ್ಮೋನ್ ಮಾತ್ರೆಗಳನ್ನು ತಾನೇ ಸಂಪಾದಿಸಿ ಗುಟ್ಟಾಗಿ ಸೇವಿಸತೊಡಗಿದಳು. ಅಂದಿನ ಅಮೆರಿಕದಲ್ಲಿ ಇದಕ್ಕಿಂತ ಮುಂದಕ್ಕೆ ಹೋಗುವ ದಾರಿ ಇರಲಿಲ್ಲ. ಆರೋಗ್ಯವಂತ ಅಂಗವನ್ನು ತೆಗೆದರೆ ಅಂಗಭಂಗದ ಅಪರಾಧವಾದೀತೆಂದು ಶಸ್ತ್ರವೈದ್ಯರು ಹೆದರುತ್ತಿದ್ದರು.

1950ರಲ್ಲಿ ಆಕೆ ಸ್ವೀಡನ್ನಿಗೆಂದು ಹೊರಟು, ಬಂಧುಗಳಿದ್ದ ಡೆನ್ಮಾರ್ಕಿನಲ್ಲಿಯೇ ನಿಂತಳು. ಕೋಪನ್‌ಹೇಗನ್ನಿನ ಹಾರ್ಮೋನ್ ತಜ್ಞ ಕ್ರಿಶ್ಚಿಯನ್ ಹ್ಯಾಂಬರ್ಗರ್ ಆಕೆಯ ಮಾತನ್ನು ಕೇಳಿಸಿಕೊಂಡ. ಪ್ರಯೋಗಕ್ಕೆ ಒಪ್ಪಿದ್ದರಿಂದ ಹಣ ಪಡೆಯದೆ ಚಿಕಿತ್ಸೆ ನೀಡಿದ. ಆತನ ಹೆಸರನ್ನೇ ಸ್ತ್ರೀರೂಪಕ್ಕೆ ತಿರುಗಿಸಿ ಆಕೆ ಕ್ರಿಸ್ಟೀನ್ ಆದಳು. ಮನೋವೈದ್ಯ ಗಿಯೋರ್ಗ್ ಸ್ಟೂರುಪ್‌ನ ಪರೀಕ್ಷೆಗಳು ನಡೆದವು. ವೃಷಣಗಳನ್ನು ತೆಗೆಯಲು ದೇಶದ ಕಾನೂನಿನಂತೆ ನ್ಯಾಯ ಸಚಿವಾಲಯದ ಅನುಮತಿ ಬೇಕಿತ್ತು, ಪರದೇಶದವಳಿಗೆ ಅದು ಇನ್ನೂ ಕಷ್ಟ. ಅನುಮತಿ ಬಂದು ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 1951ರ ಸೆಪ್ಟೆಂಬರಿನಲ್ಲಿ. ಎರಡನೆಯದು 1952ರ ನವೆಂಬರಿನಲ್ಲಿ. ಯೋನಿಯ ರಚನೆಗೆ ಸಂಬಂಧಿಸಿದ ಶಸ್ತ್ರಚಿಕಿತ್ಸೆ ಅಮೆರಿಕಕ್ಕೆ ಮರಳಿದ ಮೇಲೆ, 1954ರಲ್ಲಿ ಆಯಿತು.

ಈ ಕಾಲಾನುಕ್ರಮವನ್ನು ಎಚ್ಚರದಿಂದ ನೋಡಬೇಕು. ಎದೆ, ಚರ್ಮ, ಮೈಕಟ್ಟುಗಳ ಬದಲಾವಣೆ ಶಸ್ತ್ರದಿಂದ ಆರಂಭವಾಗಲಿಲ್ಲ, ಅದಕ್ಕೂ ಮೊದಲೇ ಹಾರ್ಮೋನಿನಿಂದ ಆರಂಭವಾಯಿತು. ಸ್ತ್ರೀಹಾರ್ಮೋನ್ ಸೇವನೆಯ ಕೆಲವು ತಿಂಗಳುಗಳಲ್ಲಿ ಸ್ತನದ ಅಂಗಾಂಶ ಬೆಳೆಯತೊಡಗುತ್ತದೆ. ಪೂರ್ಣ ಬೆಳವಣಿಗೆಗೆ ಎರಡು ಮೂರು ವರ್ಷಗಳು ಹಿಡಿಯುತ್ತವೆ. ಈ ಬೆಳವಣಿಗೆ ಹಲವರಲ್ಲಿ ತೀರ ಅಲ್ಪವಾಗಿಯೇ ನಿಲ್ಲುತ್ತದೆ. ಸ್ತನವರ್ಧನ ಶಸ್ತ್ರಚಿಕಿತ್ಸೆಯ ಯೋಚನೆ ಹುಟ್ಟುವುದು ಈ ಹಂತದಲ್ಲಿ. ಕ್ರಿಸ್ಟೀನ್ ಕೋಪನ್‌ಹೇಗನ್ನಿನಲ್ಲಿದ್ದ ಕಾಲದಲ್ಲಿ ಅದಕ್ಕೆ ಸುರಕ್ಷಿತವಾದ ವಿಧಾನವೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪ್ಯಾರಫಿನ್ ಚುಚ್ಚುಮದ್ದು ಗಂಟು, ಹುಣ್ಣುಗಳಲ್ಲಿ ಕೊನೆಗೊಂಡಿತ್ತು. 1950ರ ದಶಕದ ಕೃತಕ ಸ್ಪಂಜು ಮೈಯೊಳಗೆ ಗಡುಸಾಗುತ್ತಿತ್ತು. ಸಿಲಿಕೋನ್ ಚೀಲವನ್ನು ಮೊದಲ ಬಾರಿಗೆ ಮಹಿಳೆಯೊಬ್ಬಳ ಎದೆಯಲ್ಲಿ ಅಳವಡಿಸಿದ್ದು 1962ರಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ, ಥಾಮಸ್ ಕ್ರೋನಿನ್ ಮತ್ತು ಫ್ರ್ಯಾಂಕ್ ಜೆರೋ ಎಂಬ ಶಸ್ತ್ರವೈದ್ಯರು. ಆ ಚೀಲವೂ ಜೀವಮಾನವಿಡೀ ಬಾಳುವ ವಸ್ತುವಲ್ಲ. ಸುತ್ತ ಕಟ್ಟುವ ಗಾಯದ ಪೊರೆ ಬಿಗಿಯಬಹುದು, ಚೀಲ ಒಡೆಯಬಹುದು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1992ರಲ್ಲಿ ಸಿಲಿಕೋನ್ ಜೆಲ್ ಚೀಲಗಳ ಬಳಕೆಯನ್ನು ತೀವ್ರವಾಗಿ ನಿರ್ಬಂಧಿಸಿ 2006ರಲ್ಲಿ ಮತ್ತೆ ಅನುಮತಿ ನೀಡಿತು. ಕ್ರಿಸ್ಟೀನ್ ಬಳಸಿದ ಈಥಿನೈಲ್ ಎಸ್ಟ್ರಡಯಾಲನ್ನು ಸಹ ರಕ್ತ ಹೆಪ್ಪುಗಟ್ಟಿಸುವ ಅಪಾಯದ ಕಾರಣ ವೈದ್ಯರು ಈ ಚಿಕಿತ್ಸೆಯಲ್ಲಿ ಕೈಬಿಟ್ಟಿದ್ದಾರೆ. ಹಾರ್ಮೋನ್ ತನ್ನ ಕೆಲಸ ಮುಗಿಸುವವರೆಗೆ ಕಾದು ಅನಂತರ ಶಸ್ತ್ರದ ಮಾತೆತ್ತಬೇಕೆಂಬ ಇಂದಿನ ಸಲಹೆಯನ್ನು ಅಂದು ಆಕೆ ಬೇರೆ ದಾರಿಯಿಲ್ಲದೆಯೇ ಪಾಲಿಸಿದಳು.

1952ರ ಜೂನ್‌ನಲ್ಲಿ ಆಕೆ ತಂದೆತಾಯಿಗೆ ಪತ್ರ ಬರೆದು ಎಲ್ಲವನ್ನೂ ತಿಳಿಸಿದಳು. ಅವರು ಮಗಳನ್ನು ಒಪ್ಪಿಕೊಂಡರು. ಆದರೆ ಡಿಸೆಂಬರ್ 1ರಂದು ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ಮುಖಪುಟದಲ್ಲಿ ಆ ಗುಟ್ಟನ್ನು ಹೊರಹಾಕಿತು. ಆಕೆ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. 1953ರ ಫೆಬ್ರವರಿ 12ರಂದು ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಪತ್ರಕರ್ತರ ದಂಡೇ ನೆರೆದಿತ್ತು. ಕೂದಲು, ತುಪ್ಪುಳಿನ ಕೋಟು, ಕಾಲು, ಎದೆ, ದನಿ ಎಲ್ಲವೂ ವರದಿಯ ವಸ್ತುಗಳಾದವು. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ಲೇಖನಮಾಲೆ ಆಕೆ ಹೆಣ್ಣೇ ಅಲ್ಲವೆಂದು ಸಾಧಿಸಹೊರಟಿತು. ಮೊದಲು ಎದೆಯನ್ನು ನೋಡಿ ಹೆಣ್ಣೆಂದು ಹೊಗಳಿದ ಲೋಕ, ಬಳಿಕ ಕಾಣದ ಅಂಗಗಳ ಲೆಕ್ಕ ಕೇಳತೊಡಗಿತು. ಹ್ಯಾಂಬರ್ಗರನಿಗೆ ಬಂದ ಪತ್ರಗಳ ಕಥೆ ಬೇರೆ: ಲಿಂಗಪರಿವರ್ತನೆ ಬಯಸಿದ 465 ಜನರ ಕಾಗದಗಳನ್ನು ಆತ 1953ರ ಪ್ರಬಂಧವೊಂದರಲ್ಲಿ ವಿಶ್ಲೇಷಿಸಿದ. ಪತ್ರಿಕೆಗಳು ಒಬ್ಬಳೇ ಎಂದುಕೊಂಡಿದ್ದವು.

ಛಾಯಾಗ್ರಾಹಕಿಯಾಗಿ ಬಾಳುವ ಆಸೆ ಈ ಪ್ರಸಿದ್ಧಿಯಲ್ಲಿ ಕೊಚ್ಚಿಹೋಯಿತು. ಹೊಟ್ಟೆಪಾಡಿಗೆ ಆಕೆ ರಂಗವೇರಿ ಹಾಡಿದಳು, ನಟಿಸಿದಳು. ರಂಗದ ಹೆಣ್ಣುವೇಷ ಎಂದೊಡನೆ ನಮಗೆ ನೆನಪಾಗುವುದು ಬೇರೆಯೇ ಚಿತ್ರ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯೂ ಸೇರಿದಂತೆ ಮಂಡ್ಯ ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಹಿಂದೆ ಗಂಡಸರೇ ದ್ರೌಪದಿಯಾಗಿ, ಕುಂತಿಯಾಗಿ ನಿಲ್ಲುತ್ತಿದ್ದರು. ರವಿಕೆಯೊಳಗೆ ತುರುಕಿದ ಬಟ್ಟೆಯ ಎದೆ ಬೆಳಗಿನ ಮಂಗಳದೊಡನೆ ಕಳಚುತ್ತಿತ್ತು. ಊರು ಆ ವೇಷವನ್ನು ಮೆಚ್ಚುತ್ತಿದ್ದುದು ಅದು ಕಳಚುವುದೆಂಬ ಭರವಸೆಯಿಂದ. ಕ್ರಿಸ್ಟೀನಳ ಸಂದರ್ಭದಲ್ಲಿ ಕಳಚಲು ಏನೂ ಇರಲಿಲ್ಲ, ಸಭಿಕರನ್ನು ಕಂಗೆಡಿಸಿದ್ದು ಅದೇ.

1952ರಲ್ಲಿ ಕೋಪನ್‌ಹೇಗನ್ನಿನ ಅಮೆರಿಕನ್ ರಾಯಭಾರ ಕಚೇರಿ ಹೊಸ ಹೆಸರಿನ ಪಾಸ್‌ಪೋರ್ಟ್ ಕೊಟ್ಟಿತ್ತು. ಆದರೆ 1959ರಲ್ಲಿ ವಿವಾಹದ ಪರವಾನಗಿಗೆ ಅರ್ಜಿ ಹಾಕಿದಾಗ ನ್ಯೂಯಾರ್ಕಿನ ಅಧಿಕಾರಿಗಳು ಅದನ್ನು ನಿರಾಕರಿಸಿದರು. ಜನನ ಪ್ರಮಾಣಪತ್ರದಲ್ಲಿ ಗಂಡು ಎಂದಿತ್ತು. ಎಂಟೊಂಬತ್ತು ವರ್ಷಗಳ ಹಾರ್ಮೋನು, ಮೂರು ಶಸ್ತ್ರಚಿಕಿತ್ಸೆಗಳು ಒಂದು ಹಾಳೆಯ ಮುಂದೆ ಸೋತವು. ಆಕೆ ಮುಂದೆಯೂ ಮದುವೆಯಾಗಲಿಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಮಾನ್ಯಮಾಡಿ, ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸಬಾರದೆಂದಿತು. 2019ರ ಕಾಯಿದೆ ಬಂದಾಗ ಹೆಣ್ಣು ಅಥವಾ ಗಂಡು ಎಂಬ ಪರಿಷ್ಕೃತ ಪ್ರಮಾಣಪತ್ರಕ್ಕೆ ಮತ್ತೆ ಶಸ್ತ್ರಚಿಕಿತ್ಸೆಯ ದಾಖಲೆಯನ್ನು ಕೇಳಲಾಯಿತು. ಕ್ರಿಸ್ಟೀನಳ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ದಾಖಲೆ ಸಿಗಲಿಲ್ಲ. ಇಲ್ಲಿ ದಾಖಲೆಗಾಗಿಯೇ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಳ್ಳುವ ಒತ್ತಡ ಹುಟ್ಟಿತು. ತನಗಾಗಿ ಬೇಕೆಂದು ದೇಹವನ್ನು ಬದಲಿಸಿಕೊಳ್ಳುವುದಕ್ಕೂ ಕಚೇರಿಗೆ ಬೇಕೆಂದು ಬದಲಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದ ಎ. ರೇವತಿಯವರ ‘ಬದುಕು ಬಯಲು’ ಓದಿದವರಿಗೆ ವಿವರಿಸಬೇಕಾಗಿಲ್ಲ.

1967ರಲ್ಲಿ ಪ್ರಕಟವಾದ ಕ್ರಿಸ್ಟೀನಳ ಆತ್ಮಕಥೆಗೆ ಮುನ್ನುಡಿ ಬರೆದವನು ಆಕೆಯ ವೈದ್ಯನೂ ಸ್ನೇಹಿತನೂ ಆಗಿದ್ದ ಹ್ಯಾರಿ ಬೆಂಜಮಿನ್. ಈ ವಿಷಯವನ್ನು ಕುರಿತ ಆತನ ಪ್ರಮುಖ ಗ್ರಂಥ ಹಿಂದಿನ ವರ್ಷವಷ್ಟೇ ಹೊರಬಂದಿತ್ತು. 1970ರಲ್ಲಿ ಆಕೆಯ ಬದುಕು ಚಲನಚಿತ್ರವಾಯಿತು. ಕಾಲೇಜುಗಳಲ್ಲಿ ಉಪನ್ಯಾಸ ನೀಡುತ್ತ, ಕುತೂಹಲದ ಪ್ರಶ್ನೆಗಳಿಗೆ ಸಂಯಮದಿಂದಲೂ ತುಸು ಹಾಸ್ಯದಿಂದಲೂ ಉತ್ತರಿಸುತ್ತ ಊರೂರು ತಿರುಗಿದಳು. ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಕಳೆದು, 1989ರ ಮೇ 3ರಂದು, ಅರವತ್ತಮೂರು ತುಂಬಲು ಇಪ್ಪತ್ತೇಳು ದಿನಗಳಿರುವಾಗ ಕ್ಯಾನ್ಸರಿನಿಂದ ತೀರಿಕೊಂಡಳು.