ಹರ್ಮನ್ ಮೋಗ್ಲಿಂಗ್ ಪಾದ್ರಿಗಳು

ಕಿಟ್ಟೆಲ್ ಎಂಬ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ನಮ್ಮ ಶಾಲೆಯ ವಾಚನಾಲಯದ ಕಪಾಟಿನಲ್ಲಿ ಅವರ ನಿಘಂಟು ಕುಳಿತಿದೆ. ಅದನ್ನು ಎತ್ತುವುದಕ್ಕೆ ಎರಡು ಕೈಗಳೂ ಬೇಕಾಗುವುದರಿಂದಲೇ ಎಷ್ಟೋ ಮಂದಿ ಹುಡುಗರಿಗೆ ಅದರ ಪರಿಚಯವಾಗಿದೆ. ಆದರೆ ಕಿಟ್ಟೆಲರು ಹಿಂದೂಸ್ಥಾನಕ್ಕೆ ಬರುವುದಕ್ಕೆ ಹದಿನೇಳು ವರ್ಷಗಳ ಮೊದಲೇ ಬಂದು, ಅವರು ನಡೆದ ದಾರಿಯ ಮುಳ್ಳುಗಳನ್ನು ತೆಗೆದಿಟ್ಟ ಇನ್ನೊಬ್ಬ ಪಾದ್ರಿಗಳ ಹೆಸರನ್ನು ಕೇಳಿದರೆ ನಮ್ಮ ಮಕ್ಕಳು ಮುಖಮುಖ ನೋಡುತ್ತಾರೆ. ಕಳೆದ ವರ್ಷ ಎಂಟನೆಯ ತರಗತಿಯಲ್ಲಿ ನಾವು ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಕೇಳಿದೆವು. ಉತ್ತರ ಸರಿಯಾಗಿಯೇ ಬಂದಿತು. ಅದನ್ನು ನಡೆಯಿಸಿದವರು ಯಾರೆಂದಾಗ ತರಗತಿ ಮೌನವಾಯಿತು. ಆ ಮೌನವೇ ಈ ಲೇಖನಕ್ಕೆ ಕಾರಣ.

ಹರ್ಮನ್ ಫ್ರೆಡರಿಕ್ ಮೋಗ್ಲಿಂಗ್ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ 1811ನೆಯ ಇಸವಿಯ ಮೇ 29ರಂದು ಹುಟ್ಟಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿದರು. ಅಂತಹ ಓದು ಓದಿದವರಿಗೆ ತಮ್ಮ ದೇಶದಲ್ಲಿಯೇ ಒಂದು ದೇವಾಲಯ, ಅದರ ಪಕ್ಕದಲ್ಲಿ ಒಂದು ಮನೆ, ಊರವರ ಮರ್ಯಾದೆ ಇವೆಲ್ಲವೂ ನಿಶ್ಚಯವಾಗಿದ್ದ ಕಾಲವದು. ಮೋಗ್ಲಿಂಗರು ಅದನ್ನು ಬಿಟ್ಟು ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿನಲ್ಲಿ ಇಳಿದಿದ್ದರು. ಮೋಗ್ಲಿಂಗರು 1836ರಲ್ಲಿ ಬಂದರು. ಆಗ ಅವರಿಗೆ ಇಪ್ಪತ್ತೈದು ವಯಸ್ಸು.

ಅಂದಿನ ಮಂಗಳೂರನ್ನು ನೀವು ಕಲ್ಪಿಸಿಕೊಳ್ಳಬೇಕು. ಅದು ಮದರಾಸು ಆಧಿಪತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಯ ಮುಖ್ಯಸ್ಥಳ. ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರದಲ್ಲಿ ಬ್ಯಾರಿಗಳ ಮಾತು, ಕಚೇರಿಯಲ್ಲಿ ಕನ್ನಡ. ಹೊಸಬನೊಬ್ಬನು ಯಾವ ಭಾಷೆಯನ್ನು ಮೊದಲು ಕಲಿಯಬೇಕೆಂದು ತಲೆ ಕೆರೆದುಕೊಳ್ಳಬೇಕಾದ ಊರು. ಮುಂಬಯಿಗೆ ಮೊದಲ ಸಲ ಬಂದಿಳಿದಾಗ ನಮಗೂ ಅದೇ ಅವಸ್ಥೆಯಾಗಿತ್ತಾದುದರಿಂದ ಈ ಸಂಗತಿಯಲ್ಲಿ ನಮಗೆ ಅವರ ಮೇಲೆ ವಿಶೇಷ ಸಹಾನುಭೂತಿಯುಂಟು. ಮೋಗ್ಲಿಂಗರು ಕನ್ನಡವನ್ನು ಹಿಡಿದರು. ವ್ಯವಹಾರಕ್ಕೆ ಬೇಕಾದಷ್ಟು ಕಲಿತು ಅವರು ನಿಲ್ಲಲಿಲ್ಲ. ಹಳ್ಳಿಗರ ಬಾಯಿಂದ ಗಾದೆಗಳನ್ನು ಕೇಳಿ ಬರೆದುಕೊಂಡರು. ದಾಸರ ಪದಗಳನ್ನು ಹಾಡುವವರನ್ನು ಹುಡುಕಿಕೊಂಡು ಹೋದರು. ಓಲೆಗರಿಯ ಗ್ರಂಥಗಳನ್ನು ತರಿಸಿ ಓದಿದರು.

ಹುಡುಗರಿಗಾಗಿ ಅವರು ಮಂಗಳೂರಿನಲ್ಲಿ ವಸತಿಯ ಶಾಲೆಯೊಂದನ್ನು ನಡೆಯಿಸಿದರು. ಉಪಾಧ್ಯಾಯನು ಬಂಗಲೆಯಲ್ಲಿ, ಶಿಷ್ಯರು ಬೇರೆಡೆಯಲ್ಲಿ ಎಂಬ ಪದ್ಧತಿ ಅವರಿಗೆ ಹಿಡಿಸಲಿಲ್ಲ. ಹುಡುಗರ ನಡುವೆಯೇ ಇದ್ದು ಅವರಿಗೆ ಕಲಿಸಿದರು, ಅವರಿಂದ ತಾವೂ ಕಲಿತರು. ಮುಂದೆ 1847ರಲ್ಲಿ ಉಪದೇಶಕರನ್ನು ಸಿದ್ಧಗೊಳಿಸುವ ವಿದ್ಯಾಲಯವು ಬಲ್ಮಠದಲ್ಲಿ ನೆಲೆಗೊಂಡಿತು. ಈ ಶಾಲೆಗಳಿಗೆ ಪುಸ್ತಕಗಳು ಬೇಕಾಗಿದ್ದವು. ಅಚ್ಚಾದ ಕನ್ನಡ ಪುಸ್ತಕಗಳಾದರೋ ಬೆರಳಿನಲ್ಲಿ ಎಣಿಸುವಷ್ಟು. ಆ ಕೊರತೆಯೇ ಅವರನ್ನು ಅಚ್ಚುಕೂಟದ ಕಡೆಗೆ ಎಳೆಯಿತು.

ಇಲ್ಲಿ ನಮ್ಮ ಮುಂಬಯಿಯೂ ಕಥೆಯೊಳಗೆ ಬರುತ್ತದೆ. 1840ರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಎಂಬ ಇಪ್ಪತ್ತನಾಲ್ಕು ವರ್ಷದ ತರುಣ ಪಾದ್ರಿಗಳು ಮಂಗಳೂರಿನ ಗುಂಪಿಗೆ ಬಂದು ಸೇರಿದ್ದರು. ಅವರೂ ಮೋಗ್ಲಿಂಗರೂ ಒಂದೇ ಜೀವವೆಂಬಂತೆ ಗೆಳೆಯರಾದರು. 1841ರಲ್ಲಿ ವೈಗ್ಲೆಯವರು ಮುಂಬಯಿಯಿಂದ ಒಂದು ಕಲ್ಲಚ್ಚಿನ ಯಂತ್ರವನ್ನೂ, ಅದನ್ನು ನಡೆಯಿಸಬಲ್ಲ ಇಬ್ಬರು ಮರಾಠಿ ಕೆಲಸಗಾರರನ್ನೂ ಮಂಗಳೂರಿಗೆ ಕರೆದೊಯ್ದರು. ಆ ಇಬ್ಬರ ಹೆಸರು ನಮ್ಮ ಪುಸ್ತಕಗಳಲ್ಲಿ ಕಾಣಿಸುವುದಿಲ್ಲ. ಆದರೂ ಕನ್ನಡ ಮುದ್ರಣದ ಚರಿತ್ರೆಯಲ್ಲಿ ಅವರಿಗೊಂದು ಸ್ಥಾನವಿರಬೇಕೆಂದು ನಾವು ತಿಳಿಯುತ್ತೇವೆ.

ಕಲ್ಲಚ್ಚೆಂದರೇನೆಂದು ಇಂದಿನ ಮಕ್ಕಳಿಗೆ ತಿಳಿಯದು. ಒಂದು ಬಗೆಯ ನಯವಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರಹವನ್ನು ಮೂಡಿಸುತ್ತಾರೆ. ಬಳಿಕ ಕಲ್ಲಿಗೆ ನೀರು ಹಚ್ಚುತ್ತಾರೆ. ಬರಿಯ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಜಿಡ್ಡಿರುವ ಅಕ್ಷರದ ಭಾಗ ನೀರನ್ನು ಒಲ್ಲದು. ಅನಂತರ ಎಣ್ಣೆಯ ಮಸಿಯ ಉರುಳೆಯನ್ನು ಅದರ ಮೇಲೆ ಉರುಳಿಸಿದರೆ ಮಸಿಯು ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಮೇಲೆ ಕಾಗದವನ್ನಿಟ್ಟು ಒತ್ತಿದರೆ ಬರಹಗಾರನ ಕೈಬರಹವೇ ನೂರಾರು ಪ್ರತಿಗಳಾಗಿ ಹೊರಬರುತ್ತದೆ. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬುದನ್ನು ಅಡಿಗೆಮನೆಯಲ್ಲಿ ದಿನವೂ ನೋಡುವ ನಾವು ಅದರಿಂದ ಪುಸ್ತಕ ಹುಟ್ಟಬಹುದೆಂದು ಎಣಿಸಿರಲಿಲ್ಲ!

ಆ ಕಲ್ಲಿನ ಮೇಲೆ 1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ಮೂಡಿತು. ನಾಲ್ಕು ಪುಟ, ಹದಿನೈದು ದಿನಗಳಿಗೊಂದು ಸಂಚಿಕೆ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ಕಾನೂನು ನಿರೂಪಗಳು, ಪರದೇಶಗಳ ಸುದ್ದಿ, ನೀತಿಯ ಮಾತು, ಕಥೆ ಎಲ್ಲವೂ ಅದರಲ್ಲಿದ್ದುವು. ಒಬ್ಬ ಪಾದ್ರಿ ನಡೆಯಿಸಿದ ಪತ್ರಿಕೆಯಲ್ಲಿ ಪುರಂದರದಾಸರ ಪದಗಳಿಗೂ ಜಾಗವಿದ್ದಿತೆಂಬುದನ್ನು ಗಮನಿಸಬೇಕು. ಊರಿನ ಹೊರಗೆ ಏನಾಗುತ್ತಿದೆಯೆಂಬುದು ಬಾಯಿಂದ ಬಾಯಿಗೆ ಬಂದು ಬಣ್ಣಗೆಡುತ್ತಿದ್ದ ಕಾಲದಲ್ಲಿ ಅದು ಅಕ್ಷರದಲ್ಲಿ, ಕನ್ನಡದಲ್ಲಿ, ಒಂದು ದುಡ್ಡಿಗೆ ದೊರೆಯಿತು. ಎಂಟು ತಿಂಗಳು ಹೀಗೆ ನಡೆದ ಮೇಲೆ ಪತ್ರಿಕೆಯು 1844ರಲ್ಲಿ ಬಳ್ಳಾರಿಗೆ ಹೋಗಿ, ಅಲ್ಲಿ ಮೊಳೆಯಚ್ಚಿನಲ್ಲಿ, 'ಕನ್ನಡ ಸಮಾಚಾರ'ವೆಂಬ ಹೊಸ ಹೆಸರಿನಿಂದ ಹೊರಟಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಈ ನಾಲ್ಕು ಪುಟಗಳ ನೆನಪಿಗಾಗಿ.

ಇಷ್ಟನ್ನೇ ಹೇಳಿ ಮುಂದೆ ಹೋದರೆ ಲೇಖನವು ಸುಲಭವಾದೀತು, ಸತ್ಯಕ್ಕೆ ಅಪಚಾರವಾದೀತು. ಮೋಗ್ಲಿಂಗರು ಬಂದದ್ದು ಪತ್ರಿಕೆಗಾಗಿ ಅಲ್ಲ, ತಮ್ಮ ಧರ್ಮವನ್ನು ಸಾರುವುದಕ್ಕಾಗಿ. ಅವರು ಅದನ್ನು ಎಂದೂ ಮರೆಮಾಚಲಿಲ್ಲ. 1844ರ ಜನವರಿ 6ರಂದು, ಎಂದರೆ ಪತ್ರಿಕೆ ಇನ್ನೂ ಮಂಗಳೂರಿನಲ್ಲಿಯೇ ನಡೆಯುತ್ತಿದ್ದಾಗ, ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು ತನ್ನ ಇಬ್ಬರು ಸಂಗಡಿಗರೊಡನೆ ಕ್ರೈಸ್ತಧರ್ಮವನ್ನು ಸ್ವೀಕರಿಸಿದನು. ಊರಿಗೆ ಊರೇ ಕುದಿಯಿತು. ಮಿಶನ್ನಿನ ಬಂಗಲೆಗೆ ಕಾವಲಿಡಬೇಕಾಯಿತು. ತಾಯ್ತಂದೆಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು.

ನಾವು ಈ ಪ್ರಕರಣವನ್ನು ಅನೇಕ ಸಲ ಯೋಚಿಸಿದ್ದೇವೆ. ಹರೆಯದ ಮಗನು ಒಂದೇ ದಿನದಲ್ಲಿ ಮನೆಗೆ ಹೊರಗಾದಾಗ ಆ ಮನೆಯ ಹಿರಿಯರ ಹೊಟ್ಟೆ ಎಷ್ಟು ಉರಿದಿರಬೇಕು! ಮದುವೆಯಾಗಿದ್ದ ಎಳೆಯ ಹೆಣ್ಣುಮಗಳ ಗತಿಯೇನು? ಅವರ ದುಃಖವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾದ್ರಿಗಳ ಗುಣಗಾನ ಮಾಡುವುದು ನಮಗೆ ಸಾಧ್ಯವಿಲ್ಲ. ಇತ್ತ ಆನಂದರಾಯನೂ ಯಾರೋ ಎತ್ತಿ ಒಯ್ದ ಮಗುವಲ್ಲ. ಓದಿ, ವಿಚಾರ ಮಾಡಿ, ತನ್ನ ಮನಸ್ಸಿಗೆ ನಿಜವೆಂದು ಕಂಡುದಕ್ಕೆ ಬೆಲೆ ತೆತ್ತವನು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಶಕ್ತಿ ನಮಗಿಲ್ಲ. ಆದರೆ ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ದೀಕ್ಷೆ ಕೊಟ್ಟು ಕೈತೊಳೆದುಕೊಳ್ಳುವ ಜಾತಿಯವರಲ್ಲ ಮೋಗ್ಲಿಂಗರು. ಮನೆಯನ್ನು ಕಳೆದುಕೊಂಡವನಿಗೆ ತಾವೇ ಮನೆಯಾದರು. ಆತನು ಮೋಗ್ಲಿಂಗರ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಅವನನ್ನು ಯುರೋಪಿಗೆ ಕರೆದುಕೊಂಡು ಹೋದರು. ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯ ಅಭಿಷೇಕವನ್ನು ಪಡೆದು, ಜರ್ಮನರಿಗೆ ಸಮಾನನಾಗಿ ಅವನು ಮಂಗಳೂರಿಗೆ ಮರಳಿದನು. ಕರಿಯ ಮೈಬಣ್ಣದವನಿಗೆ ಕೆಳಗಿನ ಮಣೆ ಹಾಕುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಈ ನಡುವೆ ಮೋಗ್ಲಿಂಗರ ಮೇಜಿನ ಮೇಲೆ ಓಲೆಗರಿಗಳ ಕಟ್ಟುಗಳು ಬೆಳೆಯುತ್ತಲೇ ಇದ್ದುವು. ಕನ್ನಡದ ದೊಡ್ಡ ಕಾವ್ಯಗಳನ್ನು ಅಚ್ಚು ಹಾಕಿಸಬೇಕೆಂಬುದು ಅವರ ಮತ್ತು ವೈಗ್ಲೆಯವರ ಹಂಬಲ. ಹಣವೆಲ್ಲಿ? ಹಿಂದೆ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು, ನಿವೃತ್ತರಾಗಿ ನೀಲಗಿರಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ದೊರೆಗಳು ಹಣ ಒದಗಿಸಿದರು. ಹೀಗೆ 1848ರಿಂದ ಮೊದಲ್ಗೊಂಡು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ಚೆನ್ನಬಸವಪುರಾಣ ಮುಂತಾದವು ಒಂದರ ಹಿಂದೊಂದಾಗಿ ಹೊರಬಂದುವು. ವೈಷ್ಣವರ ಗ್ರಂಥ, ವೀರಶೈವರ ಗ್ರಂಥ; ಮುದ್ರಿಸಿದವರು ಕ್ರೈಸ್ತ ಪಾದ್ರಿಗಳು. ತಮ್ಮ ಧರ್ಮವನ್ನು ಸಾರಲು ಬಂದವರು ಇತರರ ಪುರಾಣಗಳನ್ನೇಕೆ ಅಚ್ಚು ಹಾಕಿಸಿದರೆಂದು ಒಬ್ಬ ಹುಡುಗಿ ನಮ್ಮನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಜನರ ಮನಸ್ಸನ್ನು ಅರಿಯದೆ ಅವರೊಡನೆ ಮಾತನಾಡಲಾಗದೆಂಬ ಪ್ರಯೋಜನದ ದೃಷ್ಟಿ ಅವರಲ್ಲಿ ಖಂಡಿತವಾಗಿಯೂ ಇತ್ತು. ಆದರೆ ಬರಿಯ ಪ್ರಯೋಜನಕ್ಕಾಗಿ ಯಾರೂ ದಪ್ಪದಪ್ಪ ಸಂಪುಟಗಳ ಕರಡು ತಿದ್ದುವುದಿಲ್ಲ. ಈ ವಾರ್ಷಿಕ ಸಂಚಿಕೆಯ ಕರಡನ್ನು ತಿದ್ದುವುದರಲ್ಲಿಯೇ ನಮ್ಮ ಕಣ್ಣು ಸೋಲುತ್ತದೆ. ತಾಯ್ನುಡಿಯಲ್ಲದ ಭಾಷೆಯ ಷಟ್ಪದಿಗಳನ್ನು ಎಣ್ಣೆಯ ದೀಪದಲ್ಲಿ ತಿದ್ದಿದವರಿಗೆ ಆ ಪದ್ಯಗಳ ಮೇಲೆ ಪ್ರೀತಿಯಿರದೆ ಹೇಗೆ?

1853ರಲ್ಲಿ ಕೊಡಗಿನ ಆಲಮಂಡ ಸೋಮಯ್ಯ ಎಂಬವರ ನಿಮಿತ್ತವಾಗಿ ಮೋಗ್ಲಿಂಗರು ಆ ಬೆಟ್ಟದ ನಾಡಿಗೆ ಹೋದರು. ಅಲ್ಲಿಯ ಜನರನ್ನೂ ಅರಸರ ಚರಿತ್ರೆಯನ್ನೂ ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕವು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಹೊಲೆಯರೆಂದು ಕರೆಯಿಸಿಕೊಂಡು, ಪರರ ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತವಿದ್ದ ಬಡವರಿಗಾಗಿ ಅಲ್ಲಿ ಒಂದು ಊರೇ ಎದ್ದಿತು. ದುಡಿಯಲು ಸ್ವಂತ ನೆಲ, ಕಾಫಿಯ ತೋಟ, ಒಂದು ಶಾಲೆ. ಆ ಊರಿಗೆ ಆನಂದಪುರವೆಂದು ಹೆಸರಾಯಿತು. ಮಂಗಳೂರಿನ ಮನೆಯಿಂದ ಹೊರಬಿದ್ದ ಆ ತರುಣ ಆನಂದರಾಯನ ಹೆಸರೇ ಅದು.

ಅದೇ 1855ರಲ್ಲಿ ಮಂಗಳೂರಿನಿಂದ ಸಾವಿನ ಸುದ್ದಿ ಬಂದಿತು. ವೈಗ್ಲೆಯವರು ತೀರಿಕೊಂಡಿದ್ದರು. ನಲವತ್ತು ವರ್ಷ ಕೂಡ ತುಂಬಿರಲಿಲ್ಲ. ಕಲ್ಲಚ್ಚನ್ನು ತಂದ ಗೆಳೆಯ, ಕಾವ್ಯಗಳ ಕೆಲಸದಲ್ಲಿ ಬಲಗೈಯಾಗಿದ್ದವರು, ಕನ್ನಡ ಸಾಹಿತ್ಯದ ಬಗೆಗೆ ಜರ್ಮನಿಯ ವಿದ್ವಾಂಸರಿಗೆ 1848ರಲ್ಲಿಯೇ ಲೇಖನ ಬರೆದು ತಿಳಿಸಿದವರು ಹೊರಟುಹೋದರು. ಅವರ ಪತ್ನಿ ಪೌಲೀನ್ ಎಂಬವರು ಪರದೇಶದಲ್ಲಿ ಎಳೆಯ ಮಕ್ಕಳೊಂದಿಗೆ ಒಂಟಿಯಾಗಿ ಉಳಿದರು. ಮೋಗ್ಲಿಂಗರು ಅದುವರೆಗೂ ಬ್ರಹ್ಮಚಾರಿ. ನಲವತ್ತು ದಾಟಿದ್ದರು, ಶಾಲೆ, ಅಚ್ಚುಕೂಟ, ಊರೂರು ತಿರುಗಾಟ ಇವುಗಳ ನಡುವೆ ಸಂಸಾರಕ್ಕೆ ಎಡೆಯಿರಲಿಲ್ಲ. ಅಂತಹವರು ಗೆಳೆಯನ ವಿಧವೆಯನ್ನು ವಿವಾಹವಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದರು. ನಮ್ಮ ನಾಡಿನಲ್ಲಿ ವಿಧವೆಯರ ವಿವಾಹಕ್ಕೆ ಕಾಯಿದೆಯ ಒಪ್ಪಿಗೆ ದೊರೆತದ್ದು 1856ರಲ್ಲಿ ಎಂಬುದನ್ನು ಇಲ್ಲಿ ನೆನೆದರೆ ಆ ಕಾಲ ಎಂತಹದೆಂಬುದು ನಿಮಗೆ ಹೊಳೆದೀತು. ಆ ಕೊಡಗಿನ ಮನೆಯಲ್ಲಿ ಅವರು ಏನು ಮಾತನಾಡಿಕೊಂಡರು, ಸತ್ತ ಗೆಳೆಯನ ನೆನಪು ಎಷ್ಟು ಹೊತ್ತು ಊಟದ ಮೇಜಿನ ಬಳಿ ಕುಳಿತಿರುತ್ತಿತ್ತು ಎಂಬುದನ್ನೆಲ್ಲ ನಾವು ಊಹಿಸಹೋಗುವುದಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ತನ್ನ ಹಳೆಯ ವಿದ್ಯಾರ್ಥಿಗೆ ಡಾಕ್ಟರ್ ಪದವಿಯನ್ನು ಗೌರವಪೂರ್ವಕವಾಗಿ ಕೊಟ್ಟಿತು. ಕನ್ನಡದ ಸೇವೆಗಾಗಿ, ದೂರದ ಜರ್ಮನಿಯಲ್ಲಿ! ಕಿಟ್ಟೆಲರಿಗೆ ಅದೇ ವಿಶ್ವವಿದ್ಯಾಲಯದ ಗೌರವ ದೊರೆತುದು ಇದರ ಎಷ್ಟೋ ವರ್ಷಗಳ ಅನಂತರ, 1896ರಲ್ಲಿ.

ಪೌಲೀನರ ಆರೋಗ್ಯವು ಕೊಡಗಿನ ಹವೆಯಲ್ಲಿ ಕೆಟ್ಟಿತು. ಆ ಕಾರಣದಿಂದ 1860ರಲ್ಲಿ ಮೋಗ್ಲಿಂಗರು ಹಡಗು ಹತ್ತಿದರು. ಮತ್ತೆ ಬರುವ ಆಸೆ ಇದ್ದೀತು, ಬರಲಾಗಲಿಲ್ಲ. ಅವರು ಹೋದ ಐದು ವರ್ಷಗಳ ಮೇಲೆ, 1865ರಲ್ಲಿ, ಮಂಗಳೂರಿನಲ್ಲಿ ಮಿಶನ್ನಿನ ಹೆಂಚಿನ ಕಾರ್ಖಾನೆ ಹುಟ್ಟಿತು. ಮುಂಬಯಿಯ ಹಳೆಯ ಕಟ್ಟಡಗಳ ಮೇಲೆ ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣುವ ಮಂಗಳೂರು ಹೆಂಚಿನ ಕಥೆ ಅಲ್ಲಿಂದ ಆರಂಭವಾಗುತ್ತದೆ. ಅದನ್ನು ನೋಡುವುದು ಅವರ ಪಾಲಿಗೆ ಇರಲಿಲ್ಲ.

ತಾಯ್ನಾಡಿನಲ್ಲಿ ಅವರಿಗೆ ಇನ್ನೂ ಇಪ್ಪತ್ತೊಂದು ವರ್ಷ ಉಳಿದಿತ್ತು. ಸುತ್ತಮುತ್ತ ಒಂದು ಕನ್ನಡದ ಮಾತೂ ಕಿವಿಗೆ ಬೀಳದ ಆ ಊರುಗಳಲ್ಲಿ ಕುಳಿತು ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತರುತ್ತಿದ್ದರು. ಅವು ಅಲ್ಲಿಯ ಪ್ರಾಚ್ಯವಿದ್ಯೆಯ ಪತ್ರಿಕೆಯಲ್ಲಿ 1860ರಿಂದ ಹಲವು ಸಲ ಅಚ್ಚಾದುವು. ತಾವು ಸಂಗ್ರಹಿಸಿದ್ದ ಕನ್ನಡದ ಹಸ್ತಪ್ರತಿಗಳನ್ನು ಟ್ಯೂಬಿಂಗನ್ನಿನ ಗ್ರಂಥಾಲಯಕ್ಕೆ ಒಪ್ಪಿಸಿದರು. 1881ನೆಯ ಮೇ 10ರಂದು ಎಸ್ಲಿಂಗನ್ ಎಂಬ ಊರಿನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆಯನ್ನು ಬರೆದವರು ಹರ್ಮನ್ ಗುಂಡರ್ಟ್ ಎಂಬ ಇನ್ನೊಬ್ಬ ಗೆಳೆಯರು, ಮಲಯಾಳ ಭಾಷೆಗೆ ನಿಘಂಟನ್ನು ಮಾಡಿಕೊಟ್ಟವರು.

ನಾವು ಈ ಸಲ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಬಲ್ಮಠದ ಗುಡ್ಡವನ್ನು ಹತ್ತಿ ನೋಡಿದೆವು. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಜೊತೆಗೆ ಬಂದಿದ್ದ ನಮ್ಮ ಅಣ್ಣನ ಮಗನು, ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದವನು, ಅಲ್ಲಿಯ ಹಳೆಯ ಫಲಕವೊಂದರ ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದನು. ನಡುವೆ ಒಂದು ಒತ್ತಕ್ಷರ ಬಂದಲ್ಲಿ ತಡೆದು ನಮ್ಮ ಮುಖ ನೋಡಿದನು. ನಾವು ಹೇಳಿಕೊಡಲಿಲ್ಲ, ಕಾದೆವು. ಸ್ವಲ್ಪ ಹೊತ್ತಾಯಿತು, ಓದಿದನು.