ಬೆರಳ ತುದಿಗೆ ಅಕ್ಷರ ತಂದ ಲೂಯಿ ಬ್ರೈಲ್

ಪ್ಯಾರಿಸ್ ಸಮೀಪದ ಕೂವ್ರೆ ಗ್ರಾಮದಲ್ಲಿ ಕುದುರೆಯ ಜೀನು, ಲಗಾಮು ತಯಾರಿಸುತ್ತಿದ್ದ ಸಿಮೋನ್ ರೆನೆ ಬ್ರೈಲ್ ಅವರ ಕಿರಿಯ ಪುತ್ರನಾಗಿ ಲೂಯಿ ಜನಿಸಿದ್ದು 1809ರ ಜನವರಿ 4ರಂದು. ಮೂರನೆಯ ವಯಸ್ಸಿನಲ್ಲಿ ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ ಚರ್ಮ ಚುಚ್ಚುವ ದಬ್ಬಣ ಕಣ್ಣಿಗೆ ನಾಟಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷದ ವೇಳೆಗೆ ಬಾಲಕ ಪೂರ್ಣ ದೃಷ್ಟಿಹೀನನಾದ.

ಹೆತ್ತವರು ಆತನನ್ನು ಮೂಲೆಗೆ ತಳ್ಳಲಿಲ್ಲ. ತಂದೆ ಹಲಗೆಗೆ ಮೊಳೆ ಹೊಡೆದು ಅಕ್ಷರಗಳ ಆಕಾರವನ್ನು ತಡವಿಸಿ ಕಲಿಸಿದರು. ಊರ ಶಾಲೆಯಲ್ಲಿ ಕಣ್ಣುಳ್ಳ ಮಕ್ಕಳ ನಡುವೆಯೇ ಆತ ಕುಳಿತ. ಸಮನ್ವಯ ಶಿಕ್ಷಣವೆಂಬ ಹೆಸರು ಹುಟ್ಟುವುದಕ್ಕೆ ಬಹು ಮೊದಲಿನ ಮಾತಿದು. ಆದರೆ ಪಾಠ ಕೇಳಬಹುದಿತ್ತೇ ಹೊರತು ಪುಸ್ತಕ ಓದುವಂತಿರಲಿಲ್ಲ.

1819ರಲ್ಲಿ ಪ್ಯಾರಿಸ್‌ನ ಅಂಧ ಬಾಲಕರ ರಾಜ ವಿದ್ಯಾಸಂಸ್ಥೆ ಸೇರಿದಾಗ ಕೈಗೆ ಸಿಕ್ಕಿದ್ದು ಉಬ್ಬಕ್ಷರದ ಭಾರಿ ಗ್ರಂಥಗಳು. ಒಂದೊಂದೇ ಅಕ್ಷರ ತಡವಿ ಓದಬೇಕು, ಬರೆಯಲಂತೂ ಆಗದು. ಆ ಅಕ್ಷರಗಳು ಕಣ್ಣಿಗಾಗಿ ರೂಪುಗೊಂಡಂಥವು, ಬೆರಳಿಗಲ್ಲ. ಸೇನಾಧಿಕಾರಿಯಾಗಿದ್ದ ಷಾರ್ಲ್ ಬಾರ್ಬಿಯೆ ಅವರ ಹನ್ನೆರಡು ಚುಕ್ಕಿಗಳ ಲಿಪಿ 1821ರಲ್ಲಿ ಸಂಸ್ಥೆಗೆ ಬಂದಿತು. ಅದು ಕೇವಲ ಧ್ವನಿಗಳನ್ನು ಸೂಚಿಸುತ್ತಿತ್ತು, ಒಂದು ಬೆರಳಿನಡಿ ಹಿಡಿಸುತ್ತಲೂ ಇರಲಿಲ್ಲ. ಹದಿನೈದರ ಹರೆಯದಲ್ಲೇ ಲೂಯಿ ಅದನ್ನು ಆರು ಚುಕ್ಕಿಗಳಿಗೆ ಇಳಿಸಿದರು. ಆರರಿಂದ 63 ಸಂಕೇತಗಳು ಸಾಧ್ಯ. ಅಕ್ಷರ, ಅಂಕಿ, ಸಂಗೀತದ ಸ್ವರ ಎಲ್ಲಕ್ಕೂ ಸಾಕು. 1829ರಲ್ಲಿ ಪದ್ಧತಿ ಗ್ರಂಥರೂಪ ಪಡೆಯಿತು. ಬರೆಯುವ ಸಾಧನವೋ, ದಬ್ಬಣದಂಥದೇ ಒಂದು ಮೊನೆ!

1833ರಲ್ಲಿ ಅಲ್ಲಿಯೇ ಶಿಕ್ಷಕರಾದರೂ ಅವರ ಲಿಪಿಗೆ ಸುಲಭವಾಗಿ ಮನ್ನಣೆ ದೊರೆಯಲಿಲ್ಲ. ಪ್ರತ್ಯೇಕ ಲಿಪಿಯಿಂದ ಅಂಧರು ಸಮಾಜದಿಂದ ದೂರವಾಗುತ್ತಾರೆಂಬುದು ವಿರೋಧಿಗಳ ವಾದ. ಈ ಆತಂಕವನ್ನು ಬ್ರೈಲ್ ಹಗುರವಾಗಿ ಕಾಣಲಿಲ್ಲವೆಂಬುದಕ್ಕೆ ಸಾಕ್ಷಿ, ಅಷ್ಟಾಗಿ ಪ್ರಚಾರ ಪಡೆಯದ ಅವರ 1839ರ ಇನ್ನೊಂದು ಶೋಧ. ಚುಕ್ಕಿಗಳಿಂದಲೇ ಸಾಮಾನ್ಯ ರೋಮನ್ ಅಕ್ಷರ ಮೂಡಿಸುವ ವಿಧಾನವದು. ದೃಷ್ಟಿಹೀನ ವಿದ್ಯಾರ್ಥಿ ತಾನೇ ಬರೆದ ಪತ್ರವನ್ನು ಮನೆಯವರು ನೇರವಾಗಿ ಓದಬಹುದಾಯಿತು. ಸಂಸ್ಥೆಯ ಹಳೆಯ ವಿದ್ಯಾರ್ಥಿ, ಅಂಧರೇ ಆದ ಪಿಯೆರ್ ಫೂಕೊ ಇದಕ್ಕೊಂದು ಯಂತ್ರವನ್ನೂ ನಿರ್ಮಿಸಿದರು. ಬೆರಳಚ್ಚು ಯಂತ್ರ ಮಾರುಕಟ್ಟೆ ಕಾಣುವ ಎಷ್ಟೋ ಮುಂಚಿನ ಸಂಗತಿಯಿದು.

1840ರಲ್ಲಿ ನಿರ್ದೇಶಕರಾದ ದ್ಯುಫೊ ಆರು ಚುಕ್ಕಿಗಳ ಲಿಪಿಯನ್ನು ನಿಷೇಧಿಸಿದರು. ವಿದ್ಯಾರ್ಥಿಗಳು ಗುಟ್ಟಾಗಿ ಬಳಸುತ್ತಲೇ ಹೋದರು. 1844ರಲ್ಲಿ ಸಂಸ್ಥೆಯ ಹೊಸ ಕಟ್ಟಡದ ಉದ್ಘಾಟನೆಯಂದು ಸಾರ್ವಜನಿಕರೆದುರು ಅದರ ಪ್ರದರ್ಶನ ನಡೆದ ಬಳಿಕ ಗಾಳಿ ತಿರುಗಿತು.

ಕ್ಷಯರೋಗದಿಂದ ಬಳಲುತ್ತಿದ್ದ ಬ್ರೈಲ್ 1852ರ ಜನವರಿ 6ರಂದು ನಿಧನರಾದರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು ಎರಡು ವರ್ಷಗಳ ನಂತರ. ಭಾರತದಲ್ಲಿ 1951ರಲ್ಲಿ ಭಾರತಿ ಬ್ರೈಲ್ ಜಾರಿಗೆ ಬಂದು, ಕನ್ನಡದ ವರ್ಣಮಾಲೆಯೂ ಅದೇ ಆರು ಚುಕ್ಕಿಗಳಲ್ಲಿ ಮೂಡಿತು. ಮರುವರ್ಷ ಬ್ರೈಲ್ ಅವರ ಅಸ್ಥಿಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಒಯ್ಯಲಾಯಿತು. ಕೈಗಳ ಅಸ್ಥಿಗಳು ಮಾತ್ರ ಕೂವ್ರೆಯಲ್ಲಿಯೇ ಉಳಿದವು.