ಹೆಸರಿನಲ್ಲಿ ಹುಳ ಇಟ್ಟುಕೊಂಡ ಡಾಕ್ಟರ್



ಹವ್ಯಾಸ ಯಾವುದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಓದುವುದು ಅಥವಾ ಕ್ರಿಕೆಟ್ ಎಂದು ಹೇಳಿ ಸುಮ್ಮನಾಗುತ್ತೇವೆ. ನಿಜವಾದ ಉತ್ತರ ಹೇಳಲು ನಾಚಿಕೆ. ನನ್ನ ನಿಜವಾದ ಉತ್ತರ ಕಾಮಿಕ್ಸ್. ಅಣ್ಣ ಕೂಡಿಟ್ಟಿದ್ದ ಹಳೆಯ ಬಾಲಮಂಗಳದ ಡಿಂಗನಿಂದ ಶುರುವಾದ ಈ ಹುಚ್ಚು ಈಗ ಜಪಾನಿನ ಮಾಂಗಾದವರೆಗೆ ಬಂದು ನಿಂತಿದೆ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಅದೇ ಪರದೆಯ ಮೇಲೆ ಓಡಾಡಿದರೆ ಅನಿಮೆ. ಇಂಥದರಲ್ಲಿ ಮುಳುಗಿದವರನ್ನು ಇಂಗ್ಲಿಷಿನವರು ಗೀಕ್ ಎನ್ನುತ್ತಾರೆ, ಜಪಾನಿನವರು ಒಟಾಕು ಎನ್ನುತ್ತಾರೆ. ಎರಡೂ ಮೊದಲು ಗೇಲಿಯ ಮಾತುಗಳೇ ಆಗಿದ್ದವು.

ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಉಮ್ಮ ನನ್ನ ಕಾಮಿಕ್ಸ್‌ಗಳನ್ನೂ ಚಿತ್ರ ಬಿಡಿಸುವ ಪುಸ್ತಕವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಸಿದರು. ಪರೀಕ್ಷೆ ಮುಗಿಯುವವರೆಗೆ ಮಾತ್ರ ಎಂಬುದು ಒಪ್ಪಂದ. ಪರೀಕ್ಷೆ ಮುಗಿಯಿತು, ಪಿಯುಸಿ ಬಂತು, ನೀಟ್ ಕೋಚಿಂಗ್ ಬಂತು. ಚೀಲ ಅಟ್ಟದಲ್ಲೇ ಉಳಿಯಿತು. ಹಾಗಾಗಿ ಈ ಸಲ ವ್ಯಕ್ತಿಪರಿಚಯ ಬರೆಯುವ ಅವಕಾಶ ಸಿಕ್ಕಾಗ ನನಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ವೈದ್ಯಕೀಯ ಓದಿ, ಪರೀಕ್ಷೆಯನ್ನೂ ಪಾಸು ಮಾಡಿ, ಆಮೇಲೆ ಜೀವನಪೂರ್ತಿ ಕಾಮಿಕ್ಸ್ ಬರೆದ ಒಬ್ಬರಿದ್ದರು. ಅವರ ಹೆಸರು ಒಸಾಮು ತೆಜುಕಾ. ಜಪಾನಿನಲ್ಲಿ ಅವರನ್ನು ಮಾಂಗಾದ ದೇವರು ಎಂದೇ ಕರೆಯುತ್ತಾರೆ. ನಾನು ಅಷ್ಟು ದೊಡ್ಡ ಮಾತು ಹೇಳುವುದಿಲ್ಲ. ನನಗೆ ಅವರು ಒಬ್ಬ ಸೀನಿಯರ್ ಇದ್ದ ಹಾಗೆ.

ತೆಜುಕಾ ಹುಟ್ಟಿದ್ದು 1928ರ ನವೆಂಬರ್ 3ರಂದು, ಒಸಾಕಾ ಪ್ರಾಂತ್ಯದ ತೊಯೊನಾಕಾ ಎಂಬಲ್ಲಿ. ಬೆಳೆದದ್ದು ಹತ್ತಿರದ ತಕರಾಜುಕಾ ಊರಿನಲ್ಲಿ. ಗಿಡ್ಡ ಮೈ, ಗುಂಗುರು ಕೂದಲು, ದಪ್ಪ ಕನ್ನಡಕ. ಶಾಲೆಯಲ್ಲಿ ಹುಡುಗರು ಸಾಕಷ್ಟು ಕಾಡಿಸುತ್ತಿದ್ದರು. ಆದರೆ ಅವರ ಮನೆ ಆ ಕಾಲಕ್ಕೆ ಅಪರೂಪದ್ದು. ತಂದೆಗೆ ಛಾಯಾಗ್ರಹಣದ ಹುಚ್ಚು. ಮನೆಯಲ್ಲೇ ಒಂದು ಸಣ್ಣ ಪ್ರೊಜೆಕ್ಟರ್ ಇತ್ತು, ಅದರಲ್ಲಿ ಚಾಪ್ಲಿನ್ ಮತ್ತು ಡಿಸ್ನಿ ಚಿತ್ರಗಳನ್ನು ತೋರಿಸುತ್ತಿದ್ದರು. ತಾಯಿ ಕಾಮಿಕ್ಸ್ ಪುಸ್ತಕಗಳನ್ನು ಪಾತ್ರಕ್ಕೊಂದು ದನಿ ಮಾಡಿ ಓದಿ ಹೇಳುತ್ತಿದ್ದರು. ಮನೆಯಲ್ಲಿ ಕಾಮಿಕ್ಸ್ ರಾಶಿ ಇದೆ ಎಂದು ತಿಳಿದ ಮೇಲೆ ಕಾಡಿಸುತ್ತಿದ್ದ ಹುಡುಗರೇ ಓದಲು ಮನೆಗೆ ಬರತೊಡಗಿದರು. ಚಿತ್ರ ಬಿಡಿಸುವವನೆಂದು ಗೊತ್ತಾದ ಮೇಲೆ ಕಾಟವೂ ಕಡಿಮೆಯಾಯಿತು.

ಇನ್ನೊಂದು ಹುಚ್ಚು ಹುಳ ಹಿಡಿಯುವುದು. ತಕರಾಜುಕಾದ ಗುಡ್ಡ, ಕಾಡುಗಳಲ್ಲಿ ಅಲೆದು ಚಿಟ್ಟೆ, ಜೀರುಂಡೆಗಳನ್ನು ಹಿಡಿದು ತಂದು ಒಂದೊಂದರ ಚಿತ್ರ ಬಿಡಿಸುತ್ತಿದ್ದರು. ಅವು ಕಾಲಿನ ಕೂದಲು, ರೆಕ್ಕೆಯ ಗೆರೆ ಸಮೇತ ಇರುವ ಚಿತ್ರಗಳು. ಜಪಾನಿ ಭಾಷೆಯಲ್ಲಿ ಮುಶಿ ಎಂದರೆ ಹುಳ. ನೆಲದ ಮೇಲೆ ಓಡಾಡುವ ಒಂದು ಬಗೆಯ ಜೀರುಂಡೆಗೆ ಅಲ್ಲಿ ಒಸಾಮುಶಿ ಎಂಬ ಹೆಸರಿದೆ. ತನ್ನ ಹೆಸರು ಒಸಾಮು, ಹುಳದ ಹೆಸರು ಒಸಾಮುಶಿ! ಹುಡುಗನಿಗೆ ಎಷ್ಟು ಖುಷಿಯಾಯಿತೆಂದರೆ, ತನ್ನ ಹೆಸರಿನ ಮುಂದೆ ಹುಳ ಎಂಬ ಅಕ್ಷರವನ್ನು ಸೇರಿಸಿಕೊಂಡೇ ಬಿಟ್ಟ. ಮುಂದೆ ಎಷ್ಟೇ ಪ್ರಸಿದ್ಧರಾದರೂ ಆ ಅಕ್ಷರವನ್ನು ಅವರು ತೆಗೆಯಲಿಲ್ಲ. ಇಂದಿಗೂ ಅವರ ಪುಸ್ತಕಗಳ ಮೇಲೆ ಆ ಹುಳ ಇದೆ.

ಆಮೇಲೆ ಯುದ್ಧ ಬಂತು. ಹೈಸ್ಕೂಲು ಓದುವ ಹುಡುಗರನ್ನೆಲ್ಲ ಕಾರ್ಖಾನೆ ಕೆಲಸಕ್ಕೆ ಕಳಿಸಿದರು. ತೆಜುಕಾ ಅಲ್ಲಿಯೂ ಕದ್ದುಮುಚ್ಚಿ ಕಾಮಿಕ್ಸ್ ಬರೆದರು. ಬೇರೆ ಜಾಗ ಇಲ್ಲದೆ ಅವನ್ನು ಕಾರ್ಖಾನೆಯ ಶೌಚಾಲಯದಲ್ಲಿ ಅಂಟಿಸುತ್ತಿದ್ದರಂತೆ, ಒಳಗೆ ಹೋದವರು ಓದಲಿ ಎಂದು. 1945ರ ಜೂನ್‌ನಲ್ಲಿ ಒಸಾಕಾದ ಮೇಲೆ ಬಾಂಬ್ ದಾಳಿಯಾದಾಗ ಅವರು ಕಾವಲು ಗೋಪುರದ ಮೇಲಿದ್ದರು. ಬಾಂಬುಗಳು ಪಕ್ಕದಲ್ಲೇ ಬಿದ್ದವು. ಇಳಿದು ಬಂದು ನೋಡಿದರೆ ಸುತ್ತಲೂ ಬೆಂಕಿ ಮತ್ತು ಹೆಣಗಳು. ಆಗ ಅವರಿಗೆ 16 ವರ್ಷ, ಅಂದರೆ ನಮ್ಮ ಪ್ರಥಮ ಪಿಯುಸಿಯವರ ವಯಸ್ಸು. ಜೀವ ಎಂಬುದಕ್ಕೆ ಬೆಲೆ ಇದೆ ಎಂಬ ಒಂದೇ ಮಾತನ್ನು ಅವರು ಮುಂದೆ ನೂರು ಕಥೆಗಳಲ್ಲಿ ಹೇಳಿದ್ದು ಆ ದಿನದ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ.

ಯುದ್ಧದ ಕಾಲದಲ್ಲೇ ಅವರ ತೋಳುಗಳಿಗೆ ಫಂಗಸ್ ಸೋಂಕು ತಗಲಿತ್ತು. ಒಬ್ಬ ವೈದ್ಯರು ಕೈಗಳನ್ನು ಉಳಿಸಿದ್ದರಿಂದ ತನಗೂ ವೈದ್ಯನಾಗುವ ಆಸೆ ಹುಟ್ಟಿತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. 1945ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಸೇರಿದರು. ಮರುವರ್ಷವೇ, 1946ರಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ಅವರ ಮೊದಲ ನಾಲ್ಕು ಚೌಕಗಳ ಕಾಮಿಕ್ಸ್ ಪ್ರಕಟವಾಯಿತು. 1947ರಲ್ಲಿ ಹೊಸ ನಿಧಿದ್ವೀಪ ಎಂಬ ಅರ್ಥದ ಹೆಸರಿನ ಪುಸ್ತಕ ಬಂತು. ಕಥೆಯ ರೂಪರೇಖೆ ಶಿಚಿಮಾ ಸಕಾಯಿ ಎಂಬ ಹಿರಿಯ ಚಿತ್ರಗಾರರದು, ಚಿತ್ರ ತೆಜುಕಾರದು. ಮೊದಲ ಪುಟಗಳಲ್ಲಿ ಒಬ್ಬ ಹುಡುಗ ಬಂದರಿನ ಕಡೆಗೆ ಕಾರು ಓಡಿಸುತ್ತಾನೆ, ಅಷ್ಟೇ. ಆದರೆ ಕ್ಯಾಮೆರಾ ಹಿಂದೆ ಮುಂದೆ ಸರಿದಂತೆ ಚೌಕದಿಂದ ಚೌಕಕ್ಕೆ ಕಾರು ಓಡುತ್ತದೆ. ಅಪ್ಪನ ಪ್ರೊಜೆಕ್ಟರ್ ಮುಂದೆ ಕುಳಿತ ಹುಡುಗ ಕಾಗದದ ಮೇಲೆ ಸಿನಿಮಾ ತಂದಿದ್ದ. ಪುಸ್ತಕ 4 ಲಕ್ಷ ಪ್ರತಿ ಮಾರಾಟವಾಯಿತು ಎನ್ನುತ್ತಾರೆ.

ಈಗ ನೀವು ಯೋಚಿಸಿ. ಒಂದು ಕಡೆ ಅನಾಟಮಿ, ಇನ್ನೊಂದು ಕಡೆ ಪ್ರಕಾಶಕರ ತಗಾದೆ. ತರಗತಿಯಲ್ಲಿ ಕುಳಿತು ಚಿತ್ರ ಬಿಡಿಸಿ ಸಿಕ್ಕಿಬಿದ್ದದ್ದೂ ಉಂಟು. ರೋಗಿಗಳ ಹಿತದೃಷ್ಟಿಯಿಂದ ನೀನು ಡಾಕ್ಟರ್ ಆಗದೆ ಚಿತ್ರಗಾರನಾಗುವುದೇ ಒಳ್ಳೆಯದು ಎಂಬರ್ಥದಲ್ಲಿ ಪ್ರಾಧ್ಯಾಪಕರೊಬ್ಬರು ಬುದ್ಧಿ ಹೇಳಿದರಂತೆ. ಕೊನೆಗೆ ಅವರು ತಾಯಿಯ ಹತ್ತಿರ ಹೋದರು. ಎರಡರಲ್ಲಿ ನಿನಗೆ ಯಾವುದು ಹೆಚ್ಚು ಇಷ್ಟ ಎಂದು ತಾಯಿ ಕೇಳಿದರು. ಕಾಮಿಕ್ಸ್ ಎಂದರು ಮಗ. ಹಾಗಾದರೆ ಅದನ್ನೇ ಮಾಡು ಎಂದರು ತಾಯಿ.

ನಮ್ಮಲ್ಲಿ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಇದನ್ನು ಉಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ಹುಡುಗ ಪರೀಕ್ಷೆ ಪಾಸು ಮಾಡಿದನೋ ಇಲ್ಲವೋ? ಹುಡುಕಿ ನೋಡಿದೆ. ಮಾಡಿದ್ದರು. 1951ರಲ್ಲಿ ಕೋರ್ಸ್ ಮುಗಿಸಿ, ಮರುವರ್ಷ ವೈದ್ಯರ ರಾಷ್ಟ್ರೀಯ ಪರೀಕ್ಷೆಯಲ್ಲೂ ತೇರ್ಗಡೆಯಾದರು. ಅಷ್ಟೇ ಅಲ್ಲ, 1961ರಲ್ಲಿ, ದೇಶಕ್ಕೆಲ್ಲ ಹೆಸರಾದ ಚಿತ್ರಗಾರರಾಗಿದ್ದಾಗ, ನಾರಾ ವೈದ್ಯಕೀಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಿಷಯ ಏನು ಗೊತ್ತೇ? ಕೆರೆ, ಗದ್ದೆಗಳಲ್ಲಿ ಇರುವ ಒಂದು ಬಗೆಯ ಬಸವನಹುಳುವಿನ ಜೀವಕೋಶದ ಪೊರೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಂತೆ. ಜೀರುಂಡೆಯ ಕಾಲಿನ ಕೂದಲು ಎಣಿಸಿ ಬಿಡಿಸಿದ ಹುಡುಗನಿಗೆ ಇದು ಹೊಸ ಕೆಲಸವೇನೂ ಆಗಿರಲಿಲ್ಲ.

1950ರಲ್ಲಿ ಬಿಳಿ ಸಿಂಹದ ಕಥೆ, 1952ರಲ್ಲಿ ಆಸ್ಟ್ರೋ ಬಾಯ್ ಎಂದು ಹೊರದೇಶಗಳಲ್ಲಿ ಹೆಸರಾದ ರೋಬೋಟ್ ಹುಡುಗನ ಕಥೆ ಶುರುವಾದವು. ಟೋಕಿಯೋದಲ್ಲಿ ತೊಕಿವಾಸೊ ಎಂಬ ಬಾಡಿಗೆ ಕಟ್ಟಡದ ಕೋಣೆಯೊಂದರಲ್ಲಿ ಅವರು ಸ್ವಲ್ಪ ಕಾಲ ಇದ್ದರು. 1954ರಲ್ಲಿ ಬಿಟ್ಟು ಹೋಗುವಾಗ ಆ ಕೋಣೆಯನ್ನು, ಮಾಲೀಕರ ಬಳಿ ಕಟ್ಟಿದ್ದ ಠೇವಣಿ ಹಣದ ಸಮೇತ, ತಮ್ಮ ಇಬ್ಬರು ಬಡ ಅಭಿಮಾನಿಗಳಿಗೆ ಬಿಟ್ಟುಕೊಟ್ಟರು. ನಿಧಿದ್ವೀಪದ ಕಾರು ನೋಡಿ ಮರುಳಾಗಿದ್ದ ಹುಡುಗರು ಅವರು. ಇಬ್ಬರೂ ಸೇರಿ ಫುಜಿಕೊ ಫುಜಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅವರಲ್ಲಿ ಒಬ್ಬರು 1969ರ ಕೊನೆಯಲ್ಲಿ ಆರಂಭಿಸಿದ ಕಥೆಯೇ ನಾವೆಲ್ಲ ಟಿವಿಯಲ್ಲಿ ನೋಡಿ ಬೆಳೆದ ಡೋರೆಮಾನ್.

ಎಲ್ಲವೂ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. 1955ರ ಸುಮಾರಿಗೆ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಎಂದು ಜಪಾನಿನ ಪೋಷಕರು ದೊಡ್ಡ ಚಳವಳಿಯನ್ನೇ ಮಾಡಿದರು. ಪುಸ್ತಕಗಳನ್ನು ಸುಟ್ಟದ್ದೂ ಇದೆ. ತೆಜುಕಾರ ಪುಸ್ತಕಗಳೂ ಆ ಟೀಕೆಗೆ ಗುರಿಯಾದವು. ನನ್ನ ಗೋಣಿಚೀಲ ಅಟ್ಟದಲ್ಲಾದರೂ ಇದೆ ಎಂದು ಆಗ ಸಮಾಧಾನವಾಯಿತು!

ಅವರು ಎಂಥ ಅಭಿಮಾನಿ ಎಂದರೆ ಡಿಸ್ನಿಯ ಬ್ಯಾಂಬಿ ಚಿತ್ರವನ್ನು 80ಕ್ಕೂ ಹೆಚ್ಚು ಸಲ ನೋಡಿದ್ದರಂತೆ. ತಾವೂ ಅನಿಮೇಷನ್ ಮಾಡಬೇಕೆಂದು ಸಂಪಾದನೆಯನ್ನೆಲ್ಲ ಹಾಕಿ ಒಂದು ಸಂಸ್ಥೆ ಕಟ್ಟಿದರು. ಅದಕ್ಕೂ ಮುಶಿ ಪ್ರೊಡಕ್ಷನ್ ಎಂದು ಹುಳದ ಹೆಸರೇ. 1963ರ ಜನವರಿ 1ರಂದು ಆಸ್ಟ್ರೋ ಬಾಯ್ ಟಿವಿಯಲ್ಲಿ ಬಂತು. ವಾರಕ್ಕೊಂದು, ಅರ್ಧ ಗಂಟೆಯ ಕಂತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬಿಡಿಸಲು ಸಮಯವೂ ಇಲ್ಲ, ಹಣವೂ ಇಲ್ಲ. ಒಂದು ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿದರೆ 8 ಚಿತ್ರ ಸಾಕು. ಮಾತಾಡುವಾಗ ಬಾಯಿ ಮಾತ್ರ ಅಲ್ಲಾಡಿದರೆ ಸಾಕು. ಹಾರುವ ದೃಶ್ಯವನ್ನು ಎತ್ತಿಟ್ಟುಕೊಂಡರೆ ಮುಂದಿನ ವಾರವೂ ಬಳಸಬಹುದು. ಇಂದಿನ ಅನಿಮೆಯ ಎಷ್ಟೋ ಉಪಾಯಗಳು ಹೀಗೆ ಬಡತನದಲ್ಲಿ ಬೆಳೆದವು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕಂತುಗಳನ್ನು ಅವರು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರು. ಅನಿಮೆ ಕೆಲಸಗಾರರ ಸಂಬಳ ಕಡಿಮೆ ಇರುವುದಕ್ಕೆ ಅದೂ ಒಂದು ಕಾರಣವೇ ಎಂಬ ಚರ್ಚೆ ಇಂದಿಗೂ ಇದೆ. 1973ರಲ್ಲಿ ಸಂಸ್ಥೆ ದಿವಾಳಿಯಾಯಿತು. ತೆಜುಕಾ ತಲೆಯ ಮೇಲೆ ಸಾಲ. ಹೊಸ ಚಿತ್ರಗಾರರು ಬಂದಿದ್ದರು, ಇವರ ಕಾಲ ಮುಗಿಯಿತು ಎಂದು ಜನ ಮಾತಾಡುತ್ತಿದ್ದರು. ಇಷ್ಟಪಟ್ಟದ್ದನ್ನೇ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ.

ಆ ವರ್ಷವೇ ಅವರು ಬ್ಲ್ಯಾಕ್ ಜ್ಯಾಕ್ ಎಂಬ ಕಥೆ ಶುರುಮಾಡಿದರು. ಲೈಸೆನ್ಸ್ ಇಲ್ಲದ, ಮುಖದ ಮೇಲೆ ಹೊಲಿಗೆ ಗುರುತಿರುವ ಶಸ್ತ್ರಚಿಕಿತ್ಸಕನ ಕಥೆ. ಅವನಿಗೆ ಕೌಶಲ ಇದೆ, ಆದರೂ ಕೆಲವು ಸಲ ರೋಗಿ ಸಾಯುತ್ತಾನೆ. ಹಾಗಾದರೆ ವೈದ್ಯ ಏತಕ್ಕೆ ಎಂಬ ಪ್ರಶ್ನೆ ಕಥೆಯುದ್ದಕ್ಕೂ ಬರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಬಿಟ್ಟಿದ್ದ ವೈದ್ಯಕೀಯವೇ ಅವರನ್ನು ಮೇಲೆತ್ತಿತು. ಕಥೆ ಬಹಳ ಜನಪ್ರಿಯವಾಯಿತು. ಕಪಿಲವಸ್ತು, ಮಗಧ, ಕೋಸಲಗಳಲ್ಲಿ ನಡೆಯುವ ಬುದ್ಧನ ಕಥೆಯನ್ನು ಅವರು 1972ರಿಂದ 1983ರವರೆಗೆ ಬರೆದರು. ಫೀನಿಕ್ಸ್ ಎಂಬ ಅವರ ಮೆಚ್ಚಿನ ಕಥೆ ಮಾತ್ರ ಮುಗಿಯಲೇ ಇಲ್ಲ.

1989ರ ಫೆಬ್ರವರಿ 9ರಂದು ಹೊಟ್ಟೆಯ ಕ್ಯಾನ್ಸರಿನಿಂದ ತೆಜುಕಾ ತೀರಿಕೊಂಡರು. ವಯಸ್ಸು ಬರೀ 60. ಅಲ್ಲಿನ ಆಗಿನ ರೂಢಿಯಂತೆ ಕಾಯಿಲೆಯ ಹೆಸರನ್ನು ರೋಗಿಗೆ, ಡಾಕ್ಟರ್ ಓದಿದ ರೋಗಿಗೂ, ತಿಳಿಸಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ಚಿತ್ರ ಬಿಡಿಸುತ್ತಿದ್ದರು. ಮೂರು ಕಥೆಗಳು ಅರ್ಧಕ್ಕೆ ನಿಂತವು. ಹಿಂದೆ ಉಳಿದದ್ದು ಸುಮಾರು 700 ಕೃತಿಗಳು, ಒಂದೂವರೆ ಲಕ್ಷ ಪುಟಗಳು. 1994ರಲ್ಲಿ, ಅವರು ಹುಳ ಹಿಡಿದು ಓಡಾಡಿದ ತಕರಾಜುಕಾದಲ್ಲೇ, ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು.

ಇದನ್ನೆಲ್ಲ ಓದಿ ನಾನು ನೀಟ್ ಬಿಟ್ಟುಬಿಡುತ್ತೇನೆ ಎಂದು ಯಾರೂ ಗಾಬರಿಯಾಗಬೇಡಿ. ನನಗೆ ಇನ್ನೂ ಏನೂ ನಿರ್ಧಾರವಾಗಿಲ್ಲ. ಒಂದು ಮಾತ್ರ ಅರ್ಥವಾಗಿದೆ. ಹುಳ, ಸಿನಿಮಾ, ಕಾಮಿಕ್ಸ್, ವೈದ್ಯಕೀಯ ಇವು ತೆಜುಕಾರಿಗೆ ನಾಲ್ಕು ಬೇರೆ ಪೆಟ್ಟಿಗೆಗಳಾಗಿರಲಿಲ್ಲ. ಗಮನವಿಟ್ಟು ನೋಡುವ ಒಂದೇ ಅಭ್ಯಾಸ ನಾಲ್ಕು ಕಡೆಯೂ ಕೆಲಸ ಮಾಡಿತು. ಹವ್ಯಾಸ ಓದಿನ ಶತ್ರು ಅಲ್ಲ. ಓದಿನಿಂದ ತಪ್ಪಿಸಿಕೊಳ್ಳುವ ನೆಪವೂ ಅಲ್ಲ. ನಮ್ಮ ಬಯಾಲಜಿ ರೆಕಾರ್ಡಿನಲ್ಲಿ ನನ್ನ ಜಿರಲೆಯ ಚಿತ್ರಕ್ಕೆ ಮೆಚ್ಚುಗೆ ಸಿಕ್ಕಿದ್ದು ಡಿಂಗನನ್ನು ನೂರು ಸಲ ನಕಲು ಮಾಡಿದ ಕೈಯಿಂದ ಅಲ್ಲವೇ?

ಈ ಲೇಖನವನ್ನು ಉಮ್ಮನಿಗೆ ಓದಿ ಹೇಳಿದೆ. ಪರೀಕ್ಷೆಯ ಭಾಗವನ್ನು ಎರಡು ಸಲ ಓದಿಸಿದರು. ಮರುದಿನ ಕಾಲೇಜಿನಿಂದ ಬಂದಾಗ ಗೋಣಿಚೀಲ ಅಟ್ಟದಿಂದ ಇಳಿದು ನನ್ನ ಮೇಜಿನ ಕೆಳಗಿತ್ತು. ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿ ಕಟ್ಟಿದೆ. ಪರೀಕ್ಷೆ ಮುಗಿದ ದಿನ ಬಿಚ್ಚುವುದೆಂದು ಹೊಸ ಒಪ್ಪಂದವಾಗಿದೆ.

ನಿಮ್ಮ ಅಟ್ಟದಲ್ಲಿ ಏನಿದೆ? ಅಂಚೆಚೀಟಿಯೋ, ಹಕ್ಕಿಗರಿಯೋ, ರೂಬಿಕ್ಸ್ ಕ್ಯೂಬೋ? ನಾಚಿಕೆ ಬಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ